ಒಲಿ ಹಚ್ಚಿಟ್ಟು ಹೋಗಬಾರದು: ಸಣ್ಣ ಉಗಿಗಾಡಿ ಕಥಿ

ರಿಮೋಟ್ ಹಿಡದು ಓಡಸೋ ಆಟಿಗಿ ಕಾರು ನಾವೆಲ್ಲಾ ನೋಡೀವಿ. ಅವು ಬ್ಯಾಟರಿವು. ಆದರ ಖರೇನ ನೀರು ಕಾಸಿ, ಆ ಉಗಿಯಿಂದನ ಓಡೋ ಸಣ್ಣ ಗಾಡಿ ಮಾಡಿ, ಅದನ್ನ ರೇಡಿಯೋದಿಂದ ನಡಸೋ ಹವ್ಯಾಸದ ಮಂದಿ ಇಂಗ್ಲೆಂಡಿನ್ಯಾಗ ಇದ್ದಾರ. ಅದರ ಹಿಂದಿನ ಇತಿಹಾಸ ನೋಡಿದರ ನಮ್ಮ ಅಡಗಿಮನಿ ಮಾತೇ ಅನಸ್ತದ.

ಅಲ್ಲಿ ಕಾರ್ನ್‌ವಾಲ್ ಅಂತ ಗಣಿಗಳ ಸೀಮಿ. ಗಣಿಯೊಳಗಿನ ನೀರು ಎತ್ತೋ ಉಗಿಯಂತ್ರ ಕೂಡಸೋದು ವಿಲಿಯಂ ಮರ್ಡಾಕನ ಕೆಲಸ. ಅವನ ಮಾಲಕರು ಬೋಲ್ಟನ್ ಮತ್ತ ಜೇಮ್ಸ್ ವಾಟ್. 1784ರಾಗ ಮರ್ಡಾಕ್ ರೆಡ್‌ರೂತ್ ಊರಾಗ ಮೂರು ಗಾಲಿಯ, ಒಂದು ಮೊಳದಷ್ಟು ಉದ್ದದ ಉಗಿಗಾಡಿ ಮಾಡಿದ. ನೀರು ಕಾಸಲಿಕ್ಕೆ ಸ್ಪಿರಿಟ್ ದೀಪ. ಒಂದು ರಾತ್ರಿ ಅದು ಬುಸುಗುಡತಾ ಅವನ ಕೈಗೆ ಸಿಗದೆ ಓಡಿತಂತ, ಎದುರು ಬಂದ ಪಾದ್ರಿ ದೆವ್ವ ಅಂತ ಚೀರಿದರಂತ. ಆ ಊರಿನವರು ಹೇಳೋ ಕಥಿ ಇದು.

1786ರಾಗ ಪೇಟೆಂಟ್ ಮಾಡಸಲಿಕ್ಕೆ ಅಂವ ಲಂಡನ್ನಿಗೆ ಹೊಂಟಿದ್ದ. ದಾರ್ಯಾಗ ಬೋಲ್ಟನ್ ಭೇಟಿಯಾಗಿ, ತಿಳಿಸಿ ಹೇಳಿ ತಿರುಗಿ ಕಳಿಸಿದರು. ವಾಪಸ್ ಬಂದ ಮರ್ಡಾಕ್ ಒಂದು ದೊಡ್ಡ ಕೋಣಿಯಾಗ ಗಾಡಿ ಓಡಿಸಿ ತೋರಿಸಿದ. ಅದರ ಮ್ಯಾಲೆ ಹೇರಿದ್ದು ಏನ್ ಗೊತ್ತೇನ್ರಿ? ಒಲಿ ಮುಂದಿನ ಸಲಿಕಿ, ಕೆದಕೋ ಸರಳು, ಇಕ್ಕಳ! ಆದರೂ ಮಾಲಕರಿಗೆ ಗಣಿ ಕೆಲಸನ ಮುಖ್ಯ ಆತು. ಗಾಡಿ ಮುಂದ ಹೋಗಲಿಲ್ಲ.

ಅದ ಸೀಮಿಯ ರಿಚರ್ಡ್ ಟ್ರೆವಿಥಿಕ್ 1801ರ ಡಿಸೆಂಬರ್ 24ಕ್ಕ ಮಂದಿ ಕೂಡೋ ದೊಡ್ಡ ಉಗಿಗಾಡಿ ಓಡಿಸಿದ. ನಾಕೈದು ದಿನದಾಗ ಅದು ದಾರ್ಯಾಗ ಕೆಟ್ಟು ನಿಂತಿತು. ಬೆಂಕಿ ಆರಸದನ ಎಲ್ಲಾರೂ ಖಾನಾವಳಿಗೆ ಉಣ್ಣಲಿಕ್ಕೆ ಹೋದರು. ನೀರೆಲ್ಲಾ ಆವಿಯಾಗಿ, ಕಬ್ಬಿಣ ಕೆಂಪಗ ಕಾದು, ಗಾಡಿನ ಸುಟ್ಟು ಹೋತು. ನೀರಿಲ್ಲದ ಕುಕ್ಕರ್ ಒಲಿ ಮ್ಯಾಲೆ ಬಿಟ್ಟು ಪ್ಯಾಟಿಗೆ ಹೋದಂಗ!

ಮುಂದ 1898ರಾಗ ನ್ಯೂಯಾರ್ಕಿನ್ಯಾಗ ನಿಕೋಲಾ ಟೆಸ್ಲಾ ಬ್ಯಾಟರಿಯ ಸಣ್ಣ ದೋಣಿಯೊಂದನ್ನ ರೇಡಿಯೋ ಅಲೆಯಿಂದ ನಡೆಸಿ ತೋರಿಸಿದರು. ಕೈ ಹಚ್ಚದನ ಗಾಡಿ ತಿರುಗಿಸೋ ದಾರಿ ಆಗ ತೆರೀತು.

ಈಗಿನ ಸಣ್ಣ ಉಗಿಗಾಡಿಯಾಗ ಎರಡೂ ಕೂಡ್ಯಾವ. ತಾಮ್ರದ ಬಾಯ್ಲರ್, ಕೆಳಗ ಗ್ಯಾಸಿನ ಉರಿ, ಮ್ಯಾಲೆ ನಮ್ಮ ಕುಕ್ಕರಿನಂಗ ಸೇಫ್ಟಿ ವಾಲ್ವ್. ರೇಡಿಯೋ ಮಾತು ಕೇಳೋ ಎರಡು ಸಣ್ಣ ಮೋಟಾರು: ಒಂದು ಮುಂದಿನ ಗಾಲಿ ತಿರುಗಸ್ತದ, ಇನ್ನೊಂದು ಉಗಿ ಹೆಚ್ಚು ಕಡಿಮಿ ಮಾಡತದ. ಹೊಸಾ ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ, ಓಡಸೋ ಒತ್ತಡದ ಎರಡು ಪಟ್ಟು ಒತ್ತಿ ನೋಡತಾರ. ಸೋರಿದರ ಬರೇ ನೀರು ಸೋರತದ, ಉಗಿಯಂಗ ಸಿಡಿಯೂದಿಲ್ಲ. ಗ್ಯಾಸೂ ಅಳತಿ ನೋಡೇ ತುಂಬತಾರ. ನೀರು ಮುಗಿಯೋದಕ್ಕಿಂತ ಮೊದಲು ಗ್ಯಾಸ್ ಮುಗೀಬೇಕು, ಅಂದರ ಬಾಯ್ಲರ್ ಒಣಗೂದಿಲ್ಲ.

ಆದರೂ ನೀರು ತೋರಿಸೋ ಗಾಜಿನ ನಳಗಿ ಮ್ಯಾಲೆ ಕಣ್ಣು ಇರಲೇಬೇಕು. ಅದಕ್ಕ ಅಕ್ಕಾರ, ಮನ್ಯಾಗಿನ ಹುಡುಗ್ರು ಇಂಥಾದ್ದು ಮಾಡತೀವಿ ಅಂದರ ಬೋಲ್ಟನ್ ಸಾಹೇಬರಂಗ ತಿರುಗಿ ಕಳಸಬ್ಯಾಡ್ರಿ. ಬಾಜೂ ನಿಂತು, ನೀರು ಎಷ್ಟದ ಅಂತ ಕೇಳ್ರಿ. ಆ ಲೆಕ್ಕ ನಮಗ ಚೊಲೋ ಗೊತ್ತದ.