ಮಿಷೋ, ಆಸ್ಕರ್
(1884–1951). ಅಮೆರಿಕದ ಚಲನಚಿತ್ರ ನಿರ್ದೇಶಕ, ನಿರ್ಮಾಪಕ, ಕಾದಂಬರಿಕಾರ. ಕಪ್ಪು ಪ್ರೇಕ್ಷಕರಿಗಾಗಿ ಕಪ್ಪು ಕಲಾವಿದರನ್ನೇ ಬಳಸಿ ತಯಾರಾಗುತ್ತಿದ್ದ ‘ರೇಸ್ ಫಿಲ್ಮ್’ ಎಂಬ ಪ್ರಕಾರದ ಪ್ರಮುಖ.

ಇಲಿನಾಯ್ ರಾಜ್ಯದಲ್ಲಿ ಜನಿಸಿದ ಈತ ರೈಲಿನ ಪುಲ್‌ಮನ್ ಎಂಬ ಶಯನ ಬೋಗಿಗಳಲ್ಲಿ ಪೋರ್ಟರ್ ಆಗಿದ್ದು, ಬಳಿಕ ದಕ್ಷಿಣ ಡಕೋಟದಲ್ಲಿ ಬೇಸಾಯ ಮಾಡಿದ. ಆ ಅನುಭವವನ್ನೇ ಕಾದಂಬರಿಯಾಗಿಸಿ, ಪುಸ್ತಕಗಳನ್ನು ಊರೂರಿಗೆ ಒಯ್ದು ತಾನೇ ಮಾರಿದ. ‘ದಿ ಹೋಮ್‌ಸ್ಟೆಡರ್’ ಕಾದಂಬರಿಯನ್ನು ಚಿತ್ರವಾಗಿಸಲು ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಮುಂದೆ ಬಂದರೂ ನಿರ್ದೇಶನ ತನ್ನದೇ ಆಗಬೇಕೆಂದು ಪಟ್ಟುಹಿಡಿದ. ಮಾತುಕತೆ ಮುರಿದಾಗ ಸ್ವಂತ ಕಂಪನಿ ಕಟ್ಟಿ 1919ರಲ್ಲಿ ಅದನ್ನು ತೆರೆಗೆ ತಂದ.

ಬಿಳಿಯ ನಿರ್ದೇಶಕ ಗ್ರಿಫಿತ್‌ನ ‘ದಿ ಬರ್ತ್ ಆಫ್ ಎ ನೇಷನ್’ (1915) ಚಿತ್ರವು ಕಪ್ಪು ಜನರನ್ನು ಅಪಾಯಕಾರಿಗಳೆಂದು, ಬಿಳಿಯರ ಜನಾಂಗದ್ವೇಷಿ ಸಂಘಟನೆಯಾದ ಕೂ ಕ್ಲಕ್ಸ್ ಕ್ಲಾನ್‌ನವರನ್ನು ರಕ್ಷಕರೆಂದು ಚಿತ್ರಿಸಿತ್ತು. ಮಿಷೋನ ‘ವಿದಿನ್ ಅವರ್ ಗೇಟ್ಸ್’ (1920) ಅದಕ್ಕೆ ಉತ್ತರವೆಂದು ಪರಿಗಣಿತವಾಗಿದೆ. ಕಪ್ಪು ಶಿಕ್ಷಕಿಯೊಬ್ಬಳ ಕಥೆಯ ಮೂಲಕ ಅದು ಬಿಳಿಯರು ನಡೆಸುತ್ತಿದ್ದ ಗುಂಪುಹತ್ಯೆಯನ್ನೂ ಲೈಂಗಿಕ ದೌರ್ಜನ್ಯವನ್ನೂ ನೇರವಾಗಿ ತೋರಿಸಿತು. 1919ರ ಜನಾಂಗೀಯ ಗಲಭೆಯ ನೆನಪು ಹಸಿಯಾಗಿದ್ದ ಷಿಕಾಗೊದಲ್ಲಿ ಪ್ರದರ್ಶನಕ್ಕೆ ಅಡ್ಡಿ ಎದುರಾಯಿತು. ಕಳೆದುಹೋಗಿದ್ದ ಈ ಚಿತ್ರದ ಪ್ರತಿ ಮುಂದೆ ಸ್ಪೇನ್‌ನಲ್ಲಿ ಸಿಕ್ಕಿತು. ಮಿಷೋನ ‘ಬಾಡಿ ಅಂಡ್ ಸೋಲ್’ (1925) ನಟ ಪಾಲ್ ರಾಬ್ಸನ್‌ನ ಮೊದಲ ಚಿತ್ರ.

ಹಣದ ಕೊರತೆಯಿಂದ ಈತನ ಚಿತ್ರಗಳಲ್ಲಿ ತಾಂತ್ರಿಕ ಒರಟುತನ ಉಳಿಯಿತು. ಮುಖ್ಯ ಪಾತ್ರಗಳಿಗೆ ತಿಳಿಬಣ್ಣದ ನಟರನ್ನೇ ಆರಿಸುತ್ತಾನೆಂಬ ಟೀಕೆಯೂ ಇತ್ತು. ‘ಗಾಡ್ಸ್ ಸ್ಟೆಪ್ ಚಿಲ್ಡ್ರನ್’ (1938) ಪ್ರತಿಭಟನೆಗೆ ಗುರಿಯಾಯಿತು. ಆದರೂ ಸೇವಕ, ವಿದೂಷಕ ಪಾತ್ರಗಳಾಚೆ ವಕೀಲ, ಶಿಕ್ಷಕ, ರೈತರಾಗಿ ಕಪ್ಪು ಜನರನ್ನು ತೆರೆಯ ಮೇಲೆ ಕಾಣಿಸಿದ್ದು ಈತನ ಸಾಧನೆ.