ಹೆರಿಗೆಯ ಬೇನೆಯೂ ಚರಿತ್ರೆಯ ಮೌನವೂ

ಶ್ರೀರಂಗಪಟ್ಟಣದ ಚರಿತ್ರಕಾರರು 1792ರ ಮುತ್ತಿಗೆಯನ್ನೂ 1799ರ ಮೇ 4ರ ಪತನವನ್ನೂ ಸವಿಸ್ತಾರವಾಗಿ ವರ್ಣಿಸಿದ್ದಾರೆ. ಗಾಯಗೊಂಡ ಯೋಧರಿಗೆ ಅಲ್ಲಿ ಸ್ಥಾನವುಂಟು. ಅದೇ ಕೋಟೆಯೊಳಗೆ ಬೇನೆ ತಿಂದು ಹೆತ್ತ ತಾಯಂದಿರಿಗೆ ಸ್ಥಾನವಿಲ್ಲ. ಹೆರಿಗೆಯನ್ನು ಮರುಜನ್ಮವೆಂದು ಕರೆಯುವ ನಮ್ಮ ಜನರ ಮಾತೊಂದೇ ಆ ಮೌನವನ್ನು ಕೊಂಚ ತುಂಬುತ್ತದೆ.

ಅದೇ 1799ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಹಂಫ್ರಿ ಡೇವಿಯು ನೈಟ್ರಸ್ ಆಕ್ಸೈಡ್ ಅನಿಲವನ್ನು ತಾನೇ ಸೇವಿಸಿ ಪರೀಕ್ಷಿಸಿದನು. ಶಸ್ತ್ರಚಿಕಿತ್ಸೆಯಲ್ಲಿ ಅದರಿಂದ ನೋವು ನೀಗೀತೆಂದು ಮರುವರ್ಷ ಬರೆದನು. ವೈದ್ಯಲೋಕವು ನಾಲ್ಕು ದಶಕಗಳ ಕಾಲ ಆ ಸೂಚನೆಯನ್ನು ಲಕ್ಷಿಸಲಿಲ್ಲ. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಹೆರಿಗೆಯಲ್ಲಿ ಈಥರನ್ನೂ ಬಳಿಕ ಕ್ಲೋರೋಫಾರಮನ್ನೂ ಬಳಸಿದಾಗ, ಪ್ರಸವವೇದನೆ ದೈವವಿಧಿಯೆಂಬ ಆಕ್ಷೇಪ ಕೇಳಿಬಂದಿತು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಕ್ಲೋರೋಫಾರಮನ್ನು ಸ್ವೀಕರಿಸಿದ ಮೇಲೆ ಆ ವಿರೋಧದ ಬಲ ಕುಗ್ಗಿತು.

ಬೆನ್ನುಹುರಿಯ ಪೊರೆಯ ಹೊರಗಿನ ಎಡೆಗೆ ಔಷಧವನ್ನು ಸೇರಿಸುವ ಎಪಿಡ್ಯೂರಲ್ ವಿಧಾನವನ್ನು ಸ್ಪೇನಿನ ಸೇನಾವೈದ್ಯ ಫಿಡೆಲ್ ಪಾಹೆಸ್ 1921ರಲ್ಲಿ ಪ್ರಕಟಿಸಿದನು. 1979ರಲ್ಲಿ ಅದೇ ಮಾರ್ಗದಿಂದ ಮಾರ್ಫೀನನ್ನು ನೀಡಿದ ಫಲಿತಗಳು ಹೊರಬಂದವು. ಹೀಗೆ, ನಮ್ಮ ವೈದ್ಯಗ್ರಂಥಗಳು ಅಹಿಫೇನವೆಂದು ಕರೆದ ಅಫೀಮಿನ ಸಂತತಿಯೇ ಹೊಸ ದಾರಿಯಿಂದ ಬಂದಿತು. ಇದರಿಂದ ತಾಯಿ ಎಚ್ಚರವಾಗಿದ್ದೇ ಉಪಶಮನ ಪಡೆಯುವಳು. ಆದರೆ ತುರಿಕೆಯೂ ಕ್ವಚಿತ್ತಾಗಿ ಉಸಿರಾಟದ ಮಂದತೆಯೂ ಉಂಟಾಗುವುದರಿಂದ ನಿಗಾ ಅವಶ್ಯಕ.

ಬೇನೆಯ ಆರಂಭದಲ್ಲಿಯೇ ಇದನ್ನು ಕೊಟ್ಟರೆ ಶಸ್ತ್ರಕ್ರಿಯೆಯ ಹೆರಿಗೆ ಹೆಚ್ಚುವುದೆಂಬ ಭಯದಿಂದ ಅನೇಕರನ್ನು ಕಾಯಿಸಲಾಗುತ್ತಿತ್ತು. 2005ರಲ್ಲಿ ಷಿಕಾಗೋದಲ್ಲಿ ಚೊಚ್ಚಲ ಬಸುರಿಯರಾದ 750 ಮಂದಿಯ ಅಧ್ಯಯನ ಪ್ರಕಟವಾಯಿತು. ಆರಂಭದಲ್ಲಿಯೇ ಬೆನ್ನುಹುರಿಯ ದ್ರವಕ್ಕೆ ಫೆಂಟನಿಲ್ ಪಡೆದವರಲ್ಲಿ ಸಿಸೇರಿಯನ್ ಪ್ರಮಾಣ ಶೇ. 17.8, ಮೊದಲು ಬೇರೆ ಔಷಧ ಪಡೆದು ಕಾದವರಲ್ಲಿ ಶೇ. 20.7. ಈ ವ್ಯತ್ಯಾಸ ಗಣನೀಯವಲ್ಲವಾದರೂ, ಕಾಯಿಸಿದ್ದರಿಂದ ಲಾಭವಾಗಲಿಲ್ಲವೆಂಬುದು ಸ್ಪಷ್ಟವಾಯಿತು.

ಮೈಸೂರು ಸಂಸ್ಥಾನದಲ್ಲಿ 1924ರಲ್ಲಿ ವೈದ್ಯಕೀಯ ಕಾಲೇಜೂ 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯೂ ಆರಂಭವಾದವು. ಆದರೂ ಹಳ್ಳಿಗಳ ಹೆರಿಗೆ ಬಹುಕಾಲ ಸೂಲಗಿತ್ತಿಯರ ಕೈಯಲ್ಲೇ ನಡೆಯಿತು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀಗೆ ಪಾತ್ರರಾದರು.

ಎಪಿಡ್ಯೂರಲ್ ಉಪಶಮನಕ್ಕೆ ಔಷಧವೊಂದೇ ಸಾಲದು. ಹಗಲಿರುಳು ಅರಿವಳಿಕೆ ತಜ್ಞರು ಬೇಕು. ನಾಗಮಂಗಲದ ಹಳ್ಳಿಯ ಬಸುರಿಗೆ ಅದು ದೊರೆಯುವುದೇ ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯಷ್ಟೇ ಅಲ್ಲ, ವ್ಯವಸ್ಥೆಯ ಪ್ರಶ್ನೆ. ಆದುದರಿಂದ ಚರಿತ್ರೆಯ ವಿದ್ಯಾರ್ಥಿಯು ಶೋಧನೆಯ ವರ್ಷವನ್ನು ಗುರುತಿಸಿದರೆ ಸಾಲದು. ಅದು ಯಾರಿಗೆ, ಎಷ್ಟು ಕಾಲದ ಬಳಿಕ ತಲಪಿತೆಂಬುದನ್ನೂ ವಿಚಾರಿಸಬೇಕು.