ಹಳ್ಳದ ದಂಡೆಯ ಹುಲ್ಲು

ನಾನು ಚಿಕ್ಕವನಿದ್ದಾಗ ನಮ್ಮ ಎತ್ತೊಂದು ರಾತ್ರಿ ಚೆನ್ನಾಗೇ ಮೇವು ತಿಂದು ಬೆಳಗ್ಗೆ ಸತ್ತು ಬಿದ್ದಿತ್ತು. ಮೂಗಿನಿಂದ ಕಪ್ಪು ರಕ್ತ. ಹಳ್ಳದ ದಂಡೆಯಲ್ಲಿ ಹೂತರು. "ಅಲ್ಲಿಗೆ ದನ ಬಿಡಬೇಡ್ವೋ" ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ರು. ನಾನು ಮೂಢನಂಬಿಕೆ ಅಂದ್ಕೊಂಡಿದ್ದೆ.

ಫ್ರಾನ್ಸಿನ ರೈತರೂ ಕೆಲವು ಹೊಲಗಳನ್ನ ಶಾಪದ ಹೊಲ ಅಂತಿದ್ರು. ಅಲ್ಲಿ ಮೇಯ್ದ ಕುರಿ ಸಾಯ್ತಿದ್ವು. ಅದು ನೆರಡಿ ರೋಗ, ಅಂದ್ರೆ ಆಂಥ್ರಾಕ್ಸ್. 1876ರಲ್ಲಿ ರಾಬರ್ಟ್ ಕಾಕ್ ಅನ್ನೋ ಜರ್ಮನ್ ಡಾಕ್ಟರು ಇದಕ್ಕೆ ಒಂದು ಬ್ಯಾಕ್ಟೀರಿಯಾವೇ ಕಾರಣ ಅಂತ ತೋರಿಸಿದ್ರು. ಗಾಳಿ ತಗುಲಿದ್ರೆ ಅದು ಗಟ್ಟಿ ಸಿಪ್ಪೆಯ ಬೀಜದ ಹಾಗಾಗಿ ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತೆ. ಹೂತ ಜಾಗದಿಂದ ಎರೆಹುಳು ಅದನ್ನ ಮೇಲಕ್ಕೆ ತರುತ್ತೆ ಅಂದವರು ಲೂಯಿ ಪಾಶ್ಚರ್.

1881ರಲ್ಲಿ ಪಾಶ್ಚರ್ ಎಲ್ಲರ ಮುಂದೆ 24 ಕುರಿಗೆ ಲಸಿಕೆ ಹಾಕಿದ್ರು, 24ಕ್ಕೆ ಹಾಕಲಿಲ್ಲ. ಆಮೇಲೆ ಎಲ್ಲಕ್ಕೂ ರೋಗಾಣು ಚುಚ್ಚಿದ್ರು. ಜೂನ್ 2ರ ಸಂಜೆಯೊಳಗೆ ಲಸಿಕೆ ಇಲ್ಲದವು ಅಷ್ಟೂ ಸತ್ತವು. ಹಾಕಿಸ್ಕೊಂಡವು ನಿಂತಿದ್ವು.

ಈ ಸಲ ಮೇವಿಗೆ ಬರ. ಆ ದಂಡೆಯಲ್ಲಿ ಮೊಣಕಾಲುದ್ದ ಹುಲ್ಲಿದೆ. ಬಿಟ್ಟುಬಿಡೋಣ ಅನ್ನಿಸಿತ್ತು, ಬಿಡಲಿಲ್ಲ. ಅಪ್ಪ ಯಾವ ಪುಸ್ತಕಾನೂ ಓದಿರಲಿಲ್ಲ, ಆದ್ರೂ ಅವರ ಮಾತು ಸರಿ ಇತ್ತು.

ದನ ಹೀಗೆ ದಿಢೀರಂತ ಸತ್ರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ರಕ್ತಕ್ಕೆ ಗಾಳಿ ತಗುಲಿದ್ರೆ ಮಣ್ಣಿಗೆ ಬೀಜ ಬಿತ್ತಿದ ಹಾಗೆ. ಮನುಷ್ಯರಿಗೂ ಹತ್ತುತ್ತೆ. ಮೊದಲು ಪಶು ಡಾಕ್ಟರಿಗೆ ಫೋನ್ ಮಾಡಿ. ನಿಮ್ಮೂರಲ್ಲೂ ಹಿರಿಯರು ದನ ಬಿಡಬೇಡ ಅಂದ ಜಾಗ ಇದ್ರೆ, ಯಾಕೆ ಅಂತ ಕೇಳಿಟ್ಕೊಳ್ಳಿ.